ಮುಟ್ಟಾಟದ ಓಟ

ನಾಲ್ಕನೇ ತರಗತಿಯ ಆ ಹುಡುಗಿಯನ್ನು ಎಲ್ಲರೂ ಗುಬ್ಬಿ ಅಂತಲೇ ಕರೆಯುತ್ತಿದ್ದರು. ಬೆಳಿಗ್ಗೆ ಓಟದ ಪರೀಕ್ಷೆಯಲ್ಲಿ ಮೈದಾನವನ್ನು ನಾಲ್ಕು ಸುತ್ತು ಹಾಕಬೇಕಿತ್ತು. ಎರಡನೇ ಸುತ್ತಿಗೇ ಅವಳು ಪಕ್ಕೆ ಹಿಡಿದುಕೊಂಡು ಕೂತುಬಿಟ್ಟಳು. ವ್ಯಾಯಾಮದ ಟೀಚರ್ ಸ್ಟಾಪ್‌ವಾಚ್ ನಿಲ್ಲಿಸಿ, ಅವಳ ಹೆಸರಿನ ಮುಂದೆ ‘ದಮ್ಮು ಸಾಲದು’ ಎಂದು ಬರೆದುಕೊಂಡರು.

ಮಧ್ಯಾಹ್ನ ಊಟದ ಬಿಡುವಿನಲ್ಲಿ ಅದೇ ಮೈದಾನದಲ್ಲಿ ಮುಟ್ಟಾಟ ನಡೆದಿತ್ತು. ಏಳು ಜನ ಬೆನ್ನು ಹತ್ತಿದರೂ ಗುಬ್ಬಿ ಯಾರ ಕೈಗೂ ಸಿಗದೆ, ಕಿರುಚುತ್ತಾ ನಗುತ್ತಾ ಓಡುತ್ತಲೇ ಇದ್ದಳು. ಮೆಟ್ಟಿಲ ಮೇಲೆ ಊಟಕ್ಕೆ ಕೂತಿದ್ದ ಟೀಚರ್ ಡಬ್ಬಿ ಮುಚ್ಚಿಟ್ಟು ಅವಳನ್ನು ಕರೆದರು.

"ಬೆಳಿಗ್ಗೆ ಎಲ್ಲಿಗೆ ಹೋಗಿತ್ತೇ ಈ ಕಾಲು?"

"ಬೆಳಿಗ್ಗೆ ಯಾರೂ ಅಟ್ಟಿಸಿಕೊಂಡು ಬರ್ಲಿಲ್ವಲ್ಲ ಮಿಸ್," ಎಂದಳು ಗುಬ್ಬಿ, ಕೊಂಚವೂ ಅಳುಕದೆ. "ಸುಮ್‌ಸುಮ್ನೆ ಯಾಕೆ ಓಡ್ಬೇಕು?"

ಟೀಚರ್‌ಗೆ ನಗು ತಡೆಯಲಾಗಲಿಲ್ಲ. "ಸರಿ, ನಾಳೆ ಇನ್ನೊಂದ್ಸಲ ಪರೀಕ್ಷೆ. ನಾನೇ ಅಟ್ಟಿಸಿಕೊಂಡು ಬರ್ತೀನಿ."

ಮರುದಿನ ಟೀಚರ್ ಶೂ ಲೇಸು ಬಿಗಿದು ಇಡೀ ತರಗತಿಯ ಬೆನ್ನು ಹತ್ತಿದರು. ಮಕ್ಕಳು ಕೂಗಾಡುತ್ತಾ ಮೈದಾನದ ಸುತ್ತ ಓಡಿದರು. ಮೂರನೇ ಸುತ್ತಿಗೆ ಟೀಚರ್ ಸುಸ್ತಾಗಿ ಗೋಡೆಗೆ ಒರಗಿ ಕೂತುಬಿಟ್ಟರು. ಗುಬ್ಬಿ ಹಿಂದಿರುಗಿ ಬಂದು, ಅವರ ಕೈ ಹಿಡಿದು ಎಳೆದಳು: "ಏಳಿ ಮಿಸ್, ಆಟ ಇನ್ನೂ ಮುಗಿದಿಲ್ಲ!"