ಭೂಮಿಗೆ ಎರಡು ದಡಿ, ದುರ್ಗಪ್ಪನಿಗೆ ಒಂದು ತಗಡು

ಬೇಸಿಗೆಯಲ್ಲಿ ಇಳಕಲ್ಲಿನ ತಗಡಿನ ಮನೆಯೊಳಗೆ ಕೂತವರಿಗೆ ಹಂಚಿನ ಮೇಲಿನ ರೊಟ್ಟಿಯ ಕಷ್ಟ ಚೆನ್ನಾಗಿ ಗೊತ್ತು. ನೂಲಿಗೆ ಬಣ್ಣ ಹಾಕುವ ದುರ್ಗಪ್ಪನ ಮನೆಯಲ್ಲಿ ಈ ಸಲ ಆ ಕಷ್ಟ ಒಂದು ಎಳೆಕೂಸಿಗೆ ಬಂದಿತ್ತು. ಮಗಳು ಭಾಗ್ಯಜ್ಯೋತಿ ಬಾಣಂತನಕ್ಕೆ ತವರಿಗೆ ಬಂದಿದ್ದಳು. ಕೂಸಿನ ಮೈತುಂಬ ಬೆವರುಸಾಲೆ. ಮಧ್ಯಾಹ್ನವಾದರೆ ಅಳುವೋ ಅಳು.

"ಹಿಂಗ ಆದ್ರ ನಾ ಗಂಡನ ಮನಿಗೆ ಹೋಗ್ತೇನಿ, ಅಪ್ಪಾ" ಎಂದಳು ಆಕೆ.

ಆ ಮಾತು ದುರ್ಗಪ್ಪನಿಗೆ ಚುಚ್ಚಿತು. ಮರುದಿನವೇ ಮಾಡಿನ ತಗಡಿಗೆ ಬಳಿಯಲು ಕಪ್ಪು ಪೇಂಟಿನ ಡಬ್ಬಿ ಹಿಡಿದು ಏಣಿ ಹತ್ತಿದ. ಕೂಸನ್ನು ನೋಡಲು ಬಂದ ಆಶಾ ಕಾರ್ಯಕರ್ತೆ ನರ್ಗೀಸ ತಲೆ ಎತ್ತಿದಳು.

"ಕಾಕಾ, ಮನಿಗೆ ದೃಷ್ಟಿಬೊಟ್ಟ ಇಡಾಕತ್ತೀರೇನ್ರಿ?"

"ನಗಬ್ಯಾಡವಾ. ನೆರಳಿನ ಬಣ್ಣ ಯಾವ್ದು? ಕರಿ. ನೆರಳ ತಂಪ. ಅಂದಮ್ಯಾಲ ಕರಿ ತಂಪ. ನಾ ಬಣ್ಣದಾಗ ಹುಟ್ಟಿದಾಂವ!"

"ಲೆಕ್ಕ ಭಾಳ ಚಂದ ಐತ್ರಿ, ಆದ್ರ ತಪ್ಪೈತಿ. ಬಿಳಿ ಹಚ್ರಿ. ಭೂಮಿನೂ ತನ್ನ ಎರಡೂ ತುದಿಗೆ ಬಿಳಿನ ಹಚ್ಕೊಂಡೈತಿ."

"ಎರಡೂ ತುದಿಗೆ? ಉತ್ತರಕ್ಕ ಥಂಡಿ, ಖರೆ. ದಕ್ಷಿಣಕ್ಕ ಯಮನ ಮನಿ ಐತೆಲ್ಲ!" ದುರ್ಗಪ್ಪ ಏಣಿಯ ಮೇಲೇ ದನಿ ದಪ್ಪ ಮಾಡಿ ಯಮನಾದ: "ದುರ್ಗಪ್ಪಾ... ಸ್ವೆಟರ್ ಹಾಕ್ಕೊಂಡ ಬಾರಲೇ!"

ಒಳಗಿಂದ ಹೆಂಡತಿ ಹನಮವ್ವ ನಕ್ಕಳು. "ಕರದ್ರೂ ಯಮ ಈ ಬಿಸಲಾಗ ಬರಂಗಿಲ್ಲ."

ನರ್ಗೀಸ ಕೇಳಿದಳು: "ನಮ್ಮ ಸೀರಿಗೆ ದಡಿ ಎಷ್ಟ, ಕಾಕಾ?"

"ಎರಡ."

"ಒಂದೊಂದ ಒಂದೊಂದ ನಮೂನಿ ಇರ್ತಾವೇನು?"

"ಹಂಗ ನೇಯ್ದ್ರ ಯಾರ ಉಡ್ತಾರ? ಎರಡೂ ಒಂದ ನಮೂನಿ."

"ಭೂಮಿದೂ ಹಂಗ. ಎರಡೂ ತುದಿಗೆ ಬಿಸಲ ಓರೆಯಾಗಿ ಬೀಳ್ತೈತಿ, ಅದಕ್ಕ ಥಂಡಿ. ಎರಡೂ ಕಡೆ ಬರ್ಫ. ಬ್ಯಾಸಗ್ಯಾಗ ತಿಂಗಳಗಟ್ಟಲೆ ಹೊತ್ತ ಮುಳುಗಂಗಿಲ್ಲ, ಚಳಿಗಾಲದಾಗ ಏಳಂಗಿಲ್ಲ. ಉತ್ತರದಾಗ ಬರ್ಫದ ಕೆಳಗ ಸಮುದ್ರ, ದಕ್ಷಿಣದಾಗ ನೆಲ. ಅದೊಂದ ದೊಡ್ಡ ಫರಕ."

"ಉತ್ತರದ ತುದ್ಯಾಗ ಹಗಲ ಇದ್ದಾಗ ದಕ್ಷಿಣದಾಗ?"

"ರಾತ್ರಿ. ಪಾಳಿ ಮ್ಯಾಲ ನಡೀತೈತಿ."

"ಅಯ್ಯ, ಅಷ್ಟ ದಿನ ರಾತ್ರಿ ಅಂದ್ರ ಎಮ್ಮಿ ಹಿಂಡೋದ ಯಾವಾಗ?" ಹನಮವ್ವನ ಚಿಂತೆ ಬೇರೆ.

ದುರ್ಗಪ್ಪ ಕೆಳಗಿಳಿದ. "ಇರ್ಲಿ. ಬರ್ಫಕ್ಕೂ ನನ್ನ ತಗಡಿಗೂ ಏನ ಸಂಬಂಧ?"

"ಬಿಳಿ ಬರ್ಫ ಬಿಸಲನ್ನ ಬಂದ ದಾರಿಗೆ ವಾಪಸ್ ಕಳಸ್ತೈತಿ. ಅದು ಕರಗಿ ಕಪ್ಪ ನೀರ ಬಯಲಾತಂದ್ರ, ನೀರ ಬಿಸಲ ಕುಡದ ಕಾಯ್ತೈತಿ, ಮಗ್ಗಲದ ಬರ್ಫನೂ ಕರಗಸ್ತೈತಿ. ನೀವು ಆ ಕಪ್ಪನ್ನ ಕೂಸಿನ ತಲಿಮ್ಯಾಲ ಹಾಸಾಕ ಹೊಂಟೀರಿ."

"ಬಾಯಿಮಾತ ನಾ ನಂಬಂಗಿಲ್ಲ."

"ಬ್ಯಾಡ್ರಿ. ನಿಮ್ಮ ಕೈ ನಂಬ್ರಿ." ಆಕೆ ಅಂಗಳದ ಗಳ ತೋರಿಸಿದಳು. ಅಲ್ಲಿ ದುರ್ಗಪ್ಪನೇ ಬಿಸಿಲಿಗೆ ಹಾಕಿದ ನೂಲಿನ ಲಡಿಗಳು, ಕರಿಯದೊಂದು, ಬಿಳಿಯದೊಂದು, ಅಕ್ಕಪಕ್ಕ ತೂಗುತ್ತಿದ್ದವು. ಆತ ಬಿಳಿಯದನ್ನು ಹಿಡಿದ. ಕರಿಯದನ್ನು ಹಿಡಿದವನೇ ಬಿಸಿ ತಾಗಿ ಕೈ ಜಾಡಿಸಿದ.

"ಅಲಲಲ! ಕರಿ ಲಡಿ ಯಾವಾಗ್ಲೂ ಮೊದಲ ಒಣಗ್ತೈತಿ. ನಾ ಅದು ನನ್ನ ಕೈಗುಣ ಅನ್ಕೊಂಡಿದ್ದೆ!"

ಕಪ್ಪು ಡಬ್ಬಿ ಅಂಗಡಿಗೆ ಮರಳಿತು. ತುಕ್ಕು ತಡೆಯುವ ಬಿಳಿ ಪೇಂಟು ಬಂತು. ಬಿಸಿಲು ಇಳಿದ ಮೇಲೆ ದುರ್ಗಪ್ಪ ಬಳಿದ, ಹನಮವ್ವ ಏಣಿ ಹಿಡಿದಳು. ಬಣ್ಣದ ವಾಸನೆ ಹೋಗುವವರೆಗೆ ತಾಯಿ-ಕೂಸು ನರ್ಗೀಸಳ ಮನೆಯಲ್ಲಿದ್ದರು. ಮರಳಿ ಬಂದಾಗ ಕೋಣೆಯೇನೂ ಧ್ರುವಪ್ರದೇಶ ಆಗಿರಲಿಲ್ಲ. ಆದರೆ ಉರಿ ಇಳಿದಿತ್ತು. ಆ ಮಧ್ಯಾಹ್ನ ಕೂಸು ಕೈಕಾಲು ಚೆಲ್ಲಿ ನಿದ್ದೆಹೋಯಿತು.

ಭಾಗ್ಯಜ್ಯೋತಿ ಪಿಸುಗುಟ್ಟಿದಳು: "ಅಪ್ಪಾ, ಗಂಡನ ಮನಿಗೆ ಫೋನ್ ಮಾಡಿ ಹೇಳು. ನಾ ಈಗ ಬರಂಗಿಲ್ಲ ಅಂತ."

ಅಕ್ಕ-ತಂಗಿಯರೇ, ಅಣ್ಣ-ತಮ್ಮಂದಿರೇ, ಬೇಸಿಗೆಗೆ ಮೊದಲೇ ನಿಮ್ಮ ಸೂರನ್ನೂ ಬೆಳ್ಳಗೆ ಮಾಡಿ. ತಗಡಿಗೆ ಬಿಳಿ ಪೇಂಟು, ಸಿಮೆಂಟಿನ ಮಾಳಿಗೆಗೆ ಗೋಂದು ಬೆರೆಸಿದ ಸುಣ್ಣ. ಸುಣ್ಣ ಬಳಿಯುವಾಗ ಕಣ್ಣು, ಕೈ ಜೋಪಾನ. ಮಳೆಗೆ ತೊಳೆದುಹೋದರೆ ಮತ್ತೆ ಬಳಿಯಿರಿ. ಕೂಸಿಗೆ ಮೇಲಿಂದ ಮೇಲೆ ಎದೆಹಾಲು ಕೊಡಿ. ಮೈ ಸುಡುತ್ತಿದ್ದರೆ, ಹಾಲು ಕುಡಿಯುವುದನ್ನು ಬಿಟ್ಟರೆ, ತಡಮಾಡದೆ ದವಾಖಾನೆಗೆ ಹೋಗಿ. ಧ್ರುವಗಳ ಬಿಳುಪು ಉಳಿಸಲು ಇಡೀ ಲೋಕ ಕೈಜೋಡಿಸಬೇಕು. ನಿಮ್ಮ ಮಾಳಿಗೆಗೆ ಮನೆಮಂದಿ ಸಾಕು.