ಹದಿನಾಲ್ಕನೇ ನಂಬರಿನ ಬಲಗಡೆ ಸೀಟು

ಲೂಷಿಯಸ್ ಬೇಟಿ ಹದಿನಾಲ್ಕನೇ ನಂಬರಿನ ಉಗಿ ಇಂಜಿನ್ನಿಗೆ ಕಲ್ಲಿದ್ದಲು ಹಾಕತೊಡಗಿ ಇಪ್ಪತ್ತಾರು ವರ್ಷಗಳಾಗಿದ್ದವು. ಅಷ್ಟರಲ್ಲಿ ನಾಲ್ವರು ಡ್ರೈವರುಗಳು ಬದಲಾದರು. ನಾಲ್ವರೂ ಬಿಳಿಯರು. ಅವರಲ್ಲಿ ಇಬ್ಬರಿಗೆ ಇಂಜಿನ್ ಓಡಿಸುವುದನ್ನು ಹೇಳಿಕೊಟ್ಟವನೇ ಲೂಷಿಯಸ್. ಆದರೆ ಟ್ಯಾಲೊ ಹೊಳೆಯ ಪಕ್ಕದ ಆ ಹತ್ತೊಂಬತ್ತು ಮೈಲಿಯ ಪುಟ್ಟ ರೈಲು ಮಾರ್ಗದಲ್ಲೂ, ಅಲಬಾಮಾದ ಉಳಿದ ಕಡೆಗಳಂತೆ, ಮೈಬಣ್ಣ ಕಪ್ಪಿದ್ದವನು ಎಡಗಡೆ ನಿಂತು ಸಲಿಕೆ ಹಿಡಿಯಬೇಕು. ಬಲಗಡೆಯ ಸೀಟು ಡ್ರೈವರನದು. ಅದರ ಮೇಲೆ ಲೂಷಿಯಸ್ ಟೋಪಿ ಕೂಡ ಇಡುವಂತಿರಲಿಲ್ಲ.

ಐವತ್ತೈದನೇ ಇಸವಿಯ ಮಾರ್ಚಿನಲ್ಲಿ ನಾಲ್ಕು ದಿನ ಬಿಡದೆ ಸುರಿದ ಮಳೆಗೆ ಹೊಳೆ ದಡ ಮೀರಿತು. ಹೊಳೆಯಾಚೆಯ ಸಮ್ರಾಲ್ ಮರದ ಮಿಲ್ಲಿನ ಜನ ಎಂಬತ್ತೊಂದು ಮಂದಿ ಹಲಗೆಯ ರಾಶಿಗಳ ಮೇಲೇರಿ ಕುಳಿತರು. ಮಿಲ್ಲಿನ ದಿಮ್ಮಿಗಳು ಕಟ್ಟು ಬಿಚ್ಚಿಕೊಂಡು ಹೊಳೆಯಲ್ಲಿ ಗೂಳಿಗಳಂತೆ ನುಗ್ಗುತ್ತಿದ್ದವು. ಅವರನ್ನು ಕರೆತರಲು ಹೋದ ಎರಡು ದೋಣಿಗಳೂ ಚೂರಾಗಿ, ದೋಣಿಯವರು ಈಜಿ ಬದುಕಿಕೊಂಡಿದ್ದರು.

ಕಾರ್ವರ್ ಜಂಕ್ಷನ್ನಿನಲ್ಲಿ ದೊಡ್ಡ ರೈಲು ಕಂಪನಿಯವರ ಹೊಸ ಡೀಸೆಲ್ ಇಂಜಿನ್ ನಿಂತಿತ್ತು. ಅದರ ಡ್ರೈವರ್ ಬಗ್ಗಿ ನೋಡಿ ತಲೆಯಾಡಿಸಿದ. "ನನ್ನ ಮೋಟಾರು ಚಕ್ರದ ಪಕ್ಕದಲ್ಲೇ ಇದಾವೆ. ಕಂಬಿ ಮೇಲೆ ಗೇಣುದ್ದ ನೀರು ನಿಂತ್ರೆ ಎಲ್ಲಾ ಸುಟ್ಟು ಹೋಗುತ್ತೆ."

"ನಮ್ಮ ಹದಿನಾಲ್ಕರ ಬೆಂಕಿ ಸೊಂಟದೆತ್ತರಕ್ಕಿದೆ, ಅದು ಹೋಗುತ್ತೆ" ಎಂದರು ಪುಟ್ಟ ರೈಲಿನ ಸೂಪರಿಂಟೆಂಡೆಂಟ್ ಡಾಲ್ಟನ್ ವಿಕ್.

ಅಷ್ಟರಲ್ಲಿ ಗ್ಯಾಂಗ್‌ಮನ್ ಎಜೆಲ್ ಮಾಟ್ ಮೊಣಕಾಲವರೆಗೆ ಒದ್ದೆಯಾಗಿ ಬಂದ. ಹಳಿಯ ಗುಂಟ ಮಿಲ್ಲಿನವರೆಗೂ ನಡೆದು ನೋಡಿ ಬಂದಿದ್ದ. "ನೀರಿನದ್ದಲ್ಲ ತೊಂದ್ರೆ, ಸಾಹೇಬ್ರೆ. ಮಿಲ್ಲಿನ ಹತ್ರದ ಮರದ ಸೇತುವೆ ಇದೆಯಲ್ಲ, ಅದರ ಎರಡು ಕಂಬ ಅಲ್ಲಾಡ್ತಿವೆ. ಬೋಗಿ ಹೋದ್ರೆ ತಡ್ಕೊಳ್ಳುತ್ತೆ, ಇಂಜಿನ್ ಹೋದ್ರೆ ಕೂತು ಬಿಡುತ್ತೆ. ಮುದುಕರು ಮಕ್ಕಳು ಅದರ ಮೇಲೆ ನಡ್ಕೊಂಡು ಬರೋಕೂ ಆಗಲ್ಲ, ಸೆಳೆತ ಕಾಲು ಕೀಳುತ್ತೆ."

ಲೂಷಿಯಸ್ ಸಲಿಕೆ ಊರಿ ಮುಂದೆ ಬಂದ.

"ಇಂಜಿನ್ ಸೇತುವೆ ಮೇಲೆ ಯಾಕೆ ಹೋಗ್ಬೇಕು, ಸಾಹೇಬ್ರೆ? ಎರಡು ಬೋಗಿ ಮುಂದಿರ್ಲಿ. ಹಿಂದೆ ಏಳು ಖಾಲಿ ವ್ಯಾಗನ್ನು, ಅದರ ಹಿಂದೆ ನಮ್ಮ ಹದಿನಾಲ್ಕನೇ ಇಂಜಿನ್. ಈಚೆ ದಡದಲ್ಲೇ ನಿಂತು ತಳ್ಳೋದು. ರೊಟ್ಟೀನ ಭಟ್ಟಿಯೊಳಗೆ ತಳ್ಳೋಕೆ ಉದ್ದನೆ ಹಿಡಿಕೆ ಇರುತ್ತಲ್ಲ, ಹಾಗೆ."

ವಿಕ್ ಅವನನ್ನೇ ನೋಡಿದರು. "ಜೋಡಿಸ್ರೋ!" ಎಂದು ಕೂಗಿದರು.

ವ್ಯಾಗನ್ನುಗಳು ಜೋಡಣೆಯಾದವು. ಡ್ರೈವರ್ ಹಾರ್ಲನ್ ಕ್ರೂ ಅವಸರದಲ್ಲಿ ಇಂಜಿನ್ ಹತ್ತುವಾಗ ಒದ್ದೆ ಮೆಟ್ಟಿಲಿನಿಂದ ಜಾರಿ ಬಿದ್ದ. ಎಡಗೈ ಮಣಿಕಟ್ಟು ಮುರಿಯಿತು. ಡೀಸೆಲಿನವನಿಗೆ ಈ ಹಳಿ ಗೊತ್ತಿಲ್ಲ, ಇನ್ನೊಬ್ಬ ಡ್ರೈವರ್ ಇದ್ದದ್ದು ಹೊಳೆಯಾಚೆ. ಹಾರ್ಲನ್ ಕೆಸರಿನಲ್ಲಿ ಕುಳಿತೇ, ಹಲ್ಲು ಕಚ್ಚಿಕೊಂಡು, "ಲೂಷಿಯಸ್‌ನ ಕೂರಿಸಿ" ಎಂದ.

"ಕಾಯಿದೆ ಅಂತ ಒಂದಿದೆ, ಹಾರ್ಲನ್" ಎಂದರು ವಿಕ್.

"ಆ ಕಾಯಿದೇನೂ ಇವತ್ತು ನೀರಲ್ಲಿ ಮುಳುಗಿದೆ ಬಿಡಿ. ನಂಗೆ ಓಡಿಸೋದು ಕಲಿಸಿದ್ದು ಯಾರು ಅಂದ್ಕೊಂಡ್ರಿ?"

"ಹಾಗಾದ್ರೆ ಕಲ್ಲಿದ್ದಲು ಹಾಕೋರು ಯಾರು?"

"ನಂಗಿನ್ನೂ ಒಂದು ಕೈ ಇದೆಯಲ್ಲ!"

ಹೀಗೆ ಲೂಷಿಯಸ್ ಬಲಗಡೆಯ ಸೀಟಿನಲ್ಲಿ ಕುಳಿತ. ಇಂಜಿನ್ನಿಗೆ ಹಬೆ ಬಿಡುವ ಹಿಡಿಕೆಗೆ ಕೈ ಹಾಕಿದ.

ಮೂರನೇ ಮೈಲಿಯಲ್ಲಿ ಹಳಿ ನೀರಿನೊಳಗೆ ಇಳಿದು ಮಾಯವಾಯಿತು. ಎಜೆಲ್ ಉದ್ದನೆಯ ಕೋಲು ಹಿಡಿದು ಹಳಿಯಡಿಯ ಮರದ ಸ್ಲೀಪರುಗಳನ್ನು ತಟ್ಟಿ ನೋಡುತ್ತ ಮುಂದೆ ನಡೆದ. ಅಲೆ ಏಳಬಾರದೆಂದು ಲೂಷಿಯಸ್ ಮನುಷ್ಯನ ನಡಿಗೆಗಿಂತ ಮೆಲ್ಲಗೆ ಬಿಟ್ಟ. ನೀರು ಚಕ್ರದ ಕಡ್ಡಿಗಳ ನಡುವೆ ಸುಳಿಯಿತು, ಬಿಸಿ ಕಬ್ಬಿಣಕ್ಕೆ ತಾಗಿ ಬುಸುಗುಟ್ಟಿತು. ಬೆಂಕಿ ಮಾತ್ರ ಆರಲಿಲ್ಲ.

ಹಾರ್ಲನ್ ಒಂದೇ ಕೈಯಲ್ಲಿ ಬೀಸಿದ ಸಲಿಕೆಯ ಅರ್ಧ ಕಲ್ಲಿದ್ದಲು ನೆಲದ ಪಾಲಾಗುತ್ತಿತ್ತು.

"ಒಲೆಗೆ ಹಾಕಿ ಹಾರ್ಲನ್ ಸಾಹೇಬ್ರೆ, ನನ್ನ ಬೂಟಿಗಲ್ಲ!"

"ಬಾಯ್ಮುಚ್ಕೊಂಡು ಓಡಿಸೋ! ಇಪ್ಪತ್ತಾರು ವರ್ಷ ಇದನ್ನ ಹೆಂಗೆ ಮಾಡಿದ್ಯೋ ಮಾರಾಯ, ಸೊಂಟ ಬಿದ್ದೋಯ್ತು." ಇಬ್ಬರೂ ಜೋರಾಗಿ ನಕ್ಕರು.

ಸೇತುವೆಯ ಬಳಿ ಎಜೆಲ್ ಮುಂದಿನ ಬೋಗಿಯ ಮೆಟ್ಟಿಲೇರಿ ಕೈಯಾಡಿಸಿದ. ಲೂಷಿಯಸ್ ಕಿಟಕಿಯಿಂದ ಅರ್ಧ ಮೈ ಹೊರಗೆ ಚಾಚಿ, ಆ ಕೈಯನ್ನೇ ನೋಡುತ್ತ ತಳ್ಳಿದ. ಬೋಗಿಗಳು ಸೇತುವೆಗೇರಿದವು. ಒಂದು ದಿಮ್ಮಿ ಬಂದು ಕಂಬಕ್ಕೆ ಬಡಿಯಿತು, ಇಡೀ ಸೇತುವೆ ನಡುಗಿತು. "ನಿಲ್ಸು!" ಎಂದ ಹಾರ್ಲನ್. ಲೂಷಿಯಸ್ ನಿಲ್ಲಿಸಲಿಲ್ಲ. ಈಗ ಬ್ರೇಕು ಹಾಕಿದರೆ ಆ ಜಗ್ಗಾಟಕ್ಕೇ ಕಂಬ ಕುಸಿಯುತ್ತದೆಂದು ಅವನಿಗೆ ಗೊತ್ತಿತ್ತು. ಅದೇ ನಡಿಗೆಯಲ್ಲಿ ತಳ್ಳುತ್ತ ಹೋದ. ಎಜೆಲನ ಕೈ ಕೆಳಗಿಳಿದಾಗ ಬೋಗಿಗಳು ಮಿಲ್ಲಿನ ಅಂಗಳದಲ್ಲಿದ್ದವು. ಹದಿನಾಲ್ಕನೇ ಇಂಜಿನ್ ಸೇತುವೆಗೆ ಎಂಟೇ ಅಡಿ ಹಿಂದೆ, ಗಟ್ಟಿ ನೆಲದ ಮೇಲೆ ನಿಂತಿತ್ತು.

ಜನ ಹತ್ತಿದರು. ಬಿಳಿಯರು ಎಲ್ಲಿ, ಕರಿಯರು ಎಲ್ಲಿ ಕೂರಬೇಕೆಂಬ ಬೋರ್ಡು ಬೋಗಿಯಲ್ಲಿ ತೂಗುತ್ತಲೇ ಇತ್ತು. ಅಂದು ಅದನ್ನು ಓದಿದವರಿಲ್ಲ.

ಹಿಂದಕ್ಕೆ ಎಳೆಯುವುದು ಇನ್ನೂ ಕಷ್ಟ. ಒದ್ದೆ ಕಂಬಿಯ ಮೇಲೆ ಚಕ್ರ ಒಮ್ಮೆ ಜಾರಿದರೂ ಸೇತುವೆಗೆ ಪೆಟ್ಟು. ಲೂಷಿಯಸ್ ಕಂಬಿಗೆ ಮರಳು ಬಿಟ್ಟು, ಹಿಡಿಕೆಯನ್ನು ಕೂದಲೆಳೆಯಷ್ಟು ತೆರೆದ. ಇಂಜಿನ್ ಒಂದು ನಿಟ್ಟುಸಿರು ಬಿಟ್ಟು ಎಳೆಯಿತು. ಒಂದು ವ್ಯಾಗನ್ನು ದಾಟಿತು, ಎರಡು, ಏಳು, ಕೊನೆಗೆ ಬೋಗಿಗಳು. ಹಾರ್ಲನ್ ಸಲಿಕೆ ಬಿಸಾಡಿ, "ಎಲಾ ಇವನ!" ಎಂದು ಅವನ ಬೆನ್ನಿಗೆ ಗುದ್ದಿದ.

ಜಂಕ್ಷನ್ನಿನಲ್ಲಿ ಕಾದಿದ್ದವರಿಗೆ ಮೊದಲು ಕೇಳಿದ್ದು ಸಿಳ್ಳೆ. ಆ ಸೀಮೆಯಲ್ಲಿ ಪ್ರತಿ ಡ್ರೈವರನಿಗೂ ಅವನದೇ ಸಿಳ್ಳೆಯ ಧಾಟಿ. ಇದು ಉದ್ದಕ್ಕೆ ಎದ್ದು, ತಗ್ಗಿ, ಮತ್ತೆ ಕುಣಿದೇಳುತ್ತಿತ್ತು. "ಇದು ಹಾರ್ಲನ್‌ದಲ್ಲ. ಯಾರದಪ್ಪಾ ಇದು?" ಎಂದರು ಜನ.

"ನನ್ನ ಗಂಡನದು!" ಎಂದಳು ಲೂಷಿಯಸ್‌ನ ಹೆಂಡತಿ ಆರ್ಮೆಲಿಯಾ. "ಮನೆಗೆ ಬರುವಾಗ ದಿನಾ ಬಾಯಲ್ಲಿ ಹಾಕ್ತಾನಲ್ಲ, ಅದೇ!"

ಸಂಜೆ ಊಟಕ್ಕೆ ಅವಳು ಜೋಳದ ರೊಟ್ಟಿ, ಅವರೆಕಾಳು, ಹಂದಿಮಾಂಸ ಬಡಿಸಿದಳು. "ಕೈ ತೊಳ್ದ್ಯಾ?"

"ಇವತ್ತು ಮಸಿ ಆಗಿದ್ದು ಹಾರ್ಲನ್ ಕೈಗೆ ಕಣೇ" ಎಂದ ಅವನು. ತುಂಬ ಹೊತ್ತು ನಕ್ಕ. ಆಮೇಲೆ ಸ್ವಲ್ಪ ಅತ್ತ ಕೂಡ.

ಸೇತುವೆ ಮರುದಿನ ಕೊಚ್ಚಿಹೋಯಿತು. ಸೋಮವಾರ ವಿಕ್ ಅವನನ್ನು ಕರೆಸಿದರು. "ಮಿಸ್ಟರ್ ಬೇಟಿ, ಕೂತ್ಕೊಳ್ಳಿ" ಎಂದರು. ಇಪ್ಪತ್ತಾರು ವರ್ಷ 'ಬಾರೋ ಹೋಗೋ' ಎನ್ನುತ್ತಿದ್ದ ಬಾಯಿ. "ಗೊಣಗೋರು ಗೊಣಗ್ಲಿ. ಹದಿನಾಲ್ಕು ಇನ್ಮೇಲೆ ನಿಮ್ದು." ಗೊಣಗಿದವರೂ ಇದ್ದರು. ಅವರ ಬಾಯಿ ಮುಚ್ಚಿಸುವ ಕೆಲಸ ಹಾರ್ಲನ್ ವಹಿಸಿಕೊಂಡ. ಕೈ ಕೂಡಿದ ಮೇಲೆ ಅವನು ಒಂಬತ್ತನೇ ನಂಬರಿನ ಇಂಜಿನ್ನಿಗೆ ಹೋದ.

ಹೊಸ ಸೇತುವೆ ಎದ್ದ ದಿನ ಲೂಷಿಯಸ್ ಮೊದಲ ಗಾಡಿ ಬಿಟ್ಟ. ಹಿಂದೆ ಇದ್ದದ್ದು ಬರೀ ಹಲಗೆ ತುಂಬಿದ ವ್ಯಾಗನ್ನುಗಳು. ಹತ್ತೊಂಬತ್ತು ಮೈಲಿಯುದ್ದಕ್ಕೂ ಸಿಳ್ಳೆ ಹಾಕಬೇಕಾದ ಕಡೆಯೂ ಹಾಕಿದ, ಬೇಡದ ಕಡೆಯೂ ಹಾಕಿದ.