ಬೇಸಿಗೆಗೆ ಬಿಚ್ಚಿದ ಲೈನಿಂಗ್

ಚಳಿಗಾಲದಲ್ಲಿ ಹೋಟೆಲಿನ ಸ್ವಾಗತ ಮೇಜಿನ ಕೆಲಸ ಸಿಕ್ಕಾಗ, ಕಡುನೀಲಿ ಉಣ್ಣೆಯ ಸೂಟೊಂದನ್ನು ಹೊಲಿಸಿಕೊಂಡು ನಾನು ಗೆದ್ದೆನೆಂದುಕೊಂಡೆ. ಬೇಸಿಗೆಯೂ ಬರುತ್ತದೆ ಎಂಬುದು, ಎಲ್ಲದಕ್ಕೂ ಮೊದಲೇ ಹೆದರುವ ನನಗೇ ಹೊಳೆದಿರಲಿಲ್ಲ.

ಬಂತು. ಹೋಟೆಲಿನ ಬೀದಿಬಾಗಿಲು ದಿನವಿಡೀ ತೆರೆದೇ ಇದ್ದು ಬಿಸಿಗಾಳಿ ನುಗ್ಗುತ್ತಿತ್ತು, ನಿಯಮದಂತೆ ಕೋಟು ತೆಗೆಯುವಂತಿಲ್ಲ. ಒಂದು ಮಧ್ಯಾಹ್ನ ನನ್ನ ಗಲ್ಲದಿಂದ ಬೆವರಹನಿ ಜಾರಿ ಅತಿಥಿಯ ಪಾಸ್‌ಪೋರ್ಟಿನ ಮೇಲೆ ಬಿತ್ತು. ಮ್ಯಾನೇಜರ್ ಮೇಡಂ ಒಳಗೆ ಕರೆದರು.

"ಸೋಮವಾರದೊಳಗೆ ಏನಾದ್ರೂ ದಾರಿ ನೋಡ್ಕೊಳ್ಳಿ. ಇಲ್ಲಾಂದ್ರೆ ಹಿಂದಿನ ಟೆಲಿಫೋನ್ ಕೋಣೆಗೆ ಹಾಕ್ತೀನಿ. ಅಲ್ಲಿ ನಿಮ್ಮ ಮುಖ ಯಾರೂ ನೋಡಲ್ಲ."

ಮುಖ ಯಾರೂ ನೋಡದ ಕೆಲಸಗಳಿಂದ ಹೊರಗೆ ಬರಲು ನನಗೆ ವರ್ಷಗಳೇ ಹಿಡಿದಿದ್ದವು.

ಮನೆಯಲ್ಲಿ ಅತ್ತೆ ಕೋಟನ್ನು ಮಗುಚಿ ನೋಡಿದರು. "ಒಳಗೆ ಎಂಥಾ ದಪ್ಪ ಲೈನಿಂಗು! ಕೋಟಲ್ಲ ಕಣೇ ಇದು, ಹಾಸಿಗೆ."

"ಬೇಸಿಗೆಗೆ ಇನ್ನೊಂದು ಹೊಲಿಸ್ಲಾ ಅತ್ತೆ?"

"ಕಾಲಕ್ಕೊಂದು ಹೊಲಿಸ್ತಾ ಹೋದ್ರೆ ಬೀರು ತುಂಬಿ ಬಟ್ಟೆ ಮಂಚದ ಮೇಲೆ, ನಾವು ನೆಲದ ಮೇಲೆ."

"ಲೈನಿಂಗ್ ಬಿಚ್ಚಿ, ಅದಕ್ಕೆ ಗುಂಡಿ ಇಟ್ರೆ? ಸೆಕೆಗೆ ತೆಗೆಯೋದು, ಚಳಿಗೆ ಸೇರಿಸೋದು."

ಹೇಳಿದ್ದೇ ತಡ, ಅತ್ತೆ ಕತ್ತರಿಯನ್ನು ನನ್ನ ಕೈಗೆ ತುರುಕಿದರು.

"ನೀವೇ ಬಿಚ್ಚಿಕೊಡಿ ಅತ್ತೆ."

"ಕೋಟು ನಿಂದು, ಕೆಲಸ ನಿಂದು. ನಾನು ಬೈಯೋದು ಮಾತ್ರ."

ಇದ್ದದ್ದು ಒಂದೇ ಕೋಟು. ಉಣ್ಣೆಗೆ ಕತ್ತರಿ ತಾಗಿದರೆ ಟೆಲಿಫೋನ್ ಕೋಣೆಯೇ ಗತಿ. ಬಿಚ್ಚುವ ಜಾಗದ ಗುರುತಿಗೆ ಪಿನ್ ಚುಚ್ಚಿದೆ, ತೆಗೆದೆ, ಮತ್ತೆ ಚುಚ್ಚಿದೆ.

"ಅದೇನೇ, ಕೋಟಿಗೆ ಜ್ವರಾನಾ? ಅಷ್ಟೊಂದು ಇಂಜೆಕ್ಷನ್ನು!" ಎಂದು ಗಂಡ ನಕ್ಕರು.

ಒಂದು ಕ್ಷಣ ಕಣ್ಣು ಮುಚ್ಚಿಕೊಂಡು ಮೊದಲ ಹೊಲಿಗೆ ಬಿಚ್ಚಿದೆ. ಆಮೇಲೆ ಲೈನಿಂಗ್ ಪೊರೆಯಂತೆ ಕಳಚಿ ಬಂತು. ಉಣ್ಣೆಗೆ ಏನೂ ಆಗಿರಲಿಲ್ಲ. ಕೋಟನ್ನು ಕಿಟಕಿಗೆ ಹಿಡಿದರೆ ಬೆನ್ನಿನ ನೇಯ್ಗೆಯಿಂದ ಬೆಳಕು ಇಣುಕಿತು. ಸೆಕೆಯೆಲ್ಲ ಲೈನಿಂಗಿನದೇ ಆಗಿತ್ತು. ಅಂಚುಗಳಿಗೆ ಪಟ್ಟಿ ಕೊಟ್ಟೆ, ಗುಂಡಿ ಹಾಕಿದೆ. ಬೂದುಬಣ್ಣದ ಹಳೆಯ ಹತ್ತಿ ಪ್ಯಾಂಟು ಅದಕ್ಕೆ ಒಪ್ಪಿತು. ಒಂದು ಕೋಟು, ಎರಡು ಪ್ಯಾಂಟು, ಬೇಕೆಂದಾಗ ಲೈನಿಂಗ್: ವರ್ಷವಿಡೀ ಸಾಕು.

ಸೋಮವಾರ ಕರೆಂಟು ಹೋಯಿತು. ಅದೇ ಹೊತ್ತಿಗೆ ವಿಮಾನ ತಪ್ಪಿದ ಪ್ರಯಾಣಿಕರು ಪೆಟ್ಟಿಗೆಗಳೊಂದಿಗೆ ನುಗ್ಗಿದರು. ಮೇಜಿನಲ್ಲಿ ನನ್ನ ಪಕ್ಕ ನಿಂತ ಸಹೋದ್ಯೋಗಿಯ ಕಾಲರು ತೊಯ್ದು ತೊಪ್ಪೆಯಾಯಿತು. ನಾನು ಹೆಸರು ಕೇಳಿದೆ, ಕೀಲಿ ಕೊಟ್ಟೆ, ಅಳುವ ಮಗುವಿಗೆ ನೀರು ತರಿಸಿದೆ. ಮುಖದ ಮೇಲೆ ಒಂದು ಹನಿ ಬೆವರಿರಲಿಲ್ಲ.

ಬೆವರು ಒರೆಸಿಕೊಳ್ಳುತ್ತ ಮೇಡಂ ನನ್ನ ಕಿವಿಯ ಬಳಿ ಬಗ್ಗಿದರು. "ಕೋಟಿನೊಳಗೆ ಏನಿಟ್ಕೊಂಡಿದ್ದೀರಿ? ಐಸಾ?"

"ಏನೂ ಇಲ್ಲ ಮೇಡಂ. ಅದೇ ಗುಟ್ಟು."

ಕೊನೆಯ ಕೀಲಿ ಹೋದ ಮೇಲೆ ಅವರೆಂದರು: "ಟೆಲಿಫೋನ್ ಕೋಣೆ ಮಾತು ಮರೆತುಬಿಡಿ. ಈ ಮೇಜು ನಿಮ್ಮದೇ."

ಭಾನುವಾರ ನಮ್ಮ ಬಾಗಿಲಲ್ಲಿ ಮೇಡಂ ನಿಂತಿದ್ದರು, ತಮ್ಮ ಕೋಟನ್ನು ಮಗುವಿನಂತೆ ಎತ್ತಿಕೊಂಡು.

"ಬನ್ನಿ, ಕೂತ್ಕೊಳ್ಳಿ," ಎಂದರು ಅತ್ತೆ. "ಬಿಚ್ಚೋದು ನನ್ನ ಸೊಸೆ. ನಾನು ಬೈಯೋದು ಮಾತ್ರ."

ಕತ್ತರಿ ಹಿಡಿದೆ. ಈ ಸಲ ಕಣ್ಣು ಮುಚ್ಚಿಕೊಂಡವರು ಮೇಡಂ.